ಸೊಸೈಟಿ ಕೆಡವಿ ಕಟ್ಟುವ ಮುಂಚೆ: ಸಿಮೆಂಟ್, ಇಟ್ಟಿಗೆ, ಸರಳಿನ ಪರಿಸರದ ಲೆಕ್ಕ ಹಾಕುವುದು ಹೇಗೆ?

ಮುಲುಂದ್ ಕಾರ್ಯದರ್ಶಿ · ಭಾನುವಾರ ರಾತ್ರಿ 9:20

ಎಲ್ಲರಿಗೂ ನಮಸ್ಕಾರ. ನಮ್ಮ ಹೌಸಿಂಗ್ ಸೊಸೈಟಿಯದು ಮುಂಬೈಯ ಮುಲುಂದ್ ಪೂರ್ವದಲ್ಲಿ 1984ರ ಕಟ್ಟಡ. ನೆಲದ ಮೇಲೆ ಮೂರು ಮಹಡಿ, 16 ಮನೆ, ಲಿಫ್ಟ್ ಇಲ್ಲ. ಒಟ್ಟು ಸುಮಾರು 1,200 ಚದರ ಮೀಟರ್. ನಮ್ಮ ತಂದೆ ಕುಂದಾಪುರದಿಂದ ಬಂದು, ಹೋಟೆಲಿನಲ್ಲಿ ದುಡಿದು ತೆಗೆದುಕೊಂಡ ಮನೆ. ಈಗ ಅಮ್ಮನಿಗೆ 78. ಮೂರನೇ ಮಹಡಿ ಹತ್ತುವುದೇ ಕಷ್ಟ. ಮಳೆಗಾಲದಲ್ಲಿ ಬಚ್ಚಲಿನ ಛಾವಣಿಯಿಂದ ಗಿಲಾವು ಉದುರುತ್ತದೆ.

ಹೋದ ವಾರ ಒಬ್ಬ ಬಿಲ್ಡರ್ ಬಂದು ರೀಡೆವಲಪ್‌ಮೆಂಟ್ ಬಗ್ಗೆ ತೋರಿಸಿದರು. 14 ಮಹಡಿ, ಸುಮಾರು 5,000 ಚದರ ಮೀಟರ್. ‘ಗ್ರೀನ್ ಬಿಲ್ಡಿಂಗ್’ ಅಂತ ನಾಲ್ಕು ಸಲ ಹೇಳಿದರು. ಎಎಸಿ ಬ್ಲಾಕ್ (ಒಳಗೆ ಗಾಳಿಗುಳ್ಳೆ ಇರುವ ಹಗುರ ಕಾಂಕ್ರೀಟ್ ಬ್ಲಾಕ್), ಸೋಲಾರ್ ಪ್ಯಾನೆಲ್, ಒಂದು ಹಸಿರು ಎಲೆಯ ಚಿತ್ರ. ನಾನು ಕೇಳಿದ್ದು ಒಂದೇ: ಈ ಹಳೆಯ ಕಟ್ಟಡವನ್ನು ಪುಡಿ ಮಾಡಿ ಹೊಸದಾಗಿ ಸಿಮೆಂಟು, ಕಬ್ಬಿಣ ಸುರಿಯುವುದರ ಲೆಕ್ಕ ಎಲ್ಲಿದೆ? ಉತ್ತರ ಬರಲಿಲ್ಲ.

ಮನೆ ಬೇಡ ಅಂತ ನಾನು ಹೇಳುತ್ತಿಲ್ಲ. ಅಮ್ಮನಿಗೆ ಲಿಫ್ಟ್ ಬೇಕು. ಆದರೆ ಕಾರ್ಯದರ್ಶಿ ಅಂತ ಸಹಿ ಹಾಕುವವನು ನಾನು. ಮೂರು ವಾರದಲ್ಲಿ ವಿಶೇಷ ಸಭೆ ಇದೆ. ಒಂದು ವಸ್ತು ಇನ್ನೊಂದಕ್ಕಿಂತ ಪರಿಸರಕ್ಕೆ ಒಳ್ಳೆಯದು ಅಂತ ಹೇಗೆ ಅಳೆಯುತ್ತಾರೆ? ಸಿವಿಲ್ ಗೊತ್ತಿದ್ದವರು ನಮ್ಮಂಥವರಿಗೆ ಅರ್ಥವಾಗುವ ಹಾಗೆ ಹೇಳಿ.

ಪುಣೆ ಸ್ಟ್ರಕ್ಚರಲ್ · ಭಾನುವಾರ ರಾತ್ರಿ 10:45

ಸರ್, ಒಳ್ಳೆಯ ಪ್ರಶ್ನೆ. ನಾನು ಧಾರವಾಡದವನು. ಪುಣೆಯಲ್ಲಿ 22 ವರ್ಷದಿಂದ ಸ್ಟ್ರಕ್ಚರಲ್ ಡಿಸೈನ್ ಮಾಡುತ್ತಿದ್ದೇನೆ.

ಇದಕ್ಕೆ ಲೈಫ್ ಸೈಕಲ್ ಅಸೆಸ್‌ಮೆಂಟ್ ಅಂತಾರೆ, ಎಲ್‌ಸಿಎ. ಜೀವನಚಕ್ರದ ಲೆಕ್ಕ ಅಂತ ಇಟ್ಟುಕೊಳ್ಳಿ. 2006ರ ಐಎಸ್ಒ 14040 ಮತ್ತು 14044 ಇದರ ಮೂಲ ನಿಯಮ. ಮೊದಲು ಏನನ್ನು, ಯಾಕೆ ಅಳೆಯುತ್ತೇವೆ ಅಂತ ತೀರ್ಮಾನಿಸಬೇಕು. ಆಮೇಲೆ ಒಳಗೆ ಹೋದದ್ದು, ಹೊರಗೆ ಬಂದದ್ದು ಎಲ್ಲ ಬರೆದುಕೊಳ್ಳಬೇಕು. ಕಲ್ಲಿದ್ದಲು, ಕರೆಂಟು, ನೀರು, ಮಣ್ಣು, ಹೊಗೆ, ಬೂದಿ. ಅದರಿಂದ ಏನೇನು ಹಾನಿ ಅಂತ ಲೆಕ್ಕ. ಕೊನೆಗೆ ಆ ಅಂಕಿಗಳನ್ನು ಓದಿ ಅರ್ಥ ಮಾಡಿಕೊಳ್ಳುವುದು. ಎಡವುವುದು ಮೊದಲ ಹಂತದಲ್ಲೇ.

ಕಟ್ಟಡದ ಆಯುಸ್ಸನ್ನು ಯುರೋಪಿನ ಪದ್ಧತಿಯಲ್ಲಿ ಅಕ್ಷರ ಹಾಕಿ ಭಾಗ ಮಾಡುತ್ತಾರೆ. ಎ ಅಂದರೆ ಗಣಿಯಿಂದ ಕಾರ್ಖಾನೆ, ಅಲ್ಲಿಂದ ಲಾರಿ, ಕಟ್ಟುವ ಕೆಲಸ. ಬಿ ಅಂದರೆ ವಾಸ: ರಿಪೇರಿ, ಬಣ್ಣ, ಕರೆಂಟು. ಸಿ ಅಂದರೆ ಕೆಡವುವುದು, ಡೆಬ್ರಿ ಸಾಗಿಸುವುದು. ಡಿ ಅಂದರೆ ಆಮೇಲೆ ಮರುಬಳಕೆಯಿಂದ ಆಗುವ ಲಾಭ. ಕಂಪನಿಯವರು ತೋರಿಸುವ ಅಂಕಿ ಹೆಚ್ಚಾಗಿ ಎ ಭಾಗದ ಮೊದಲರ್ಧ ಮಾತ್ರ, ತೊಟ್ಟಿಲಿನಿಂದ ಕಾರ್ಖಾನೆಯ ಗೇಟಿನವರೆಗೆ. ನಿಮಗೆ ಬೇಕಾದದ್ದು ತೊಟ್ಟಿಲಿನಿಂದ ಚಟ್ಟದವರೆಗೆ.

ಒಂದು ಉದಾಹರಣೆ ಕೊಡುತ್ತೇನೆ. ಇಟ್ಟಿಗೆಗೆ ಕಿಲೋಗೆ 0.3 ಕಿಲೋ ಕಾರ್ಬನ್ ಡೈಆಕ್ಸೈಡ್ ಹಿಡಿಯಿರಿ. ಎಎಸಿ ಬ್ಲಾಕಿಗೆ 0.4. ಇವು ಅಂದಾಜಿನ ಅಂಕಿ, ಭಟ್ಟಿಯಿಂದ ಭಟ್ಟಿಗೆ ಬೇರೆಯಾಗುತ್ತದೆ. ಕಿಲೋಗೆ ನೋಡಿದರೆ ಎಎಸಿ ಕೆಟ್ಟದ್ದು ಅಲ್ವಾ? ಈಗ ಒಂದು ಚದರ ಮೀಟರ್ ಗೋಡೆಗೆ ನೋಡಿ. 9 ಇಂಚಿನ ಇಟ್ಟಿಗೆ ಗೋಡೆಯಲ್ಲಿ ಸುಮಾರು 310 ಕಿಲೋ ಇಟ್ಟಿಗೆ ಇರುತ್ತದೆ. ಗಾರೆಯೂ ಸೇರಿ 100 ಕಿಲೋ ಕಾರ್ಬನ್ ಡೈಆಕ್ಸೈಡ್ (ಮುಂದೆ ಬರೀ ಕಾರ್ಬನ್ ಅಂತ ಬರೆಯುತ್ತೇನೆ). 6 ಇಂಚಿನ ಎಎಸಿ ಗೋಡೆಯಲ್ಲಿ 90 ಕಿಲೋ ಬ್ಲಾಕ್. ಅಂಟು ಸೇರಿ 40 ಕಿಲೋ. ಲೆಕ್ಕ ತಿರುಗಿಬಿತ್ತು. ಜೊತೆಗೆ ಗೋಡೆ ಹಗುರವಾದರೆ ತೊಲೆ, ಕಂಬ, ಪಾಯ ಎಲ್ಲದರಲ್ಲೂ ಸರಳು ಉಳಿಯುತ್ತದೆ.

ಅದಕ್ಕೇ ಕಿಲೋ ಲೆಕ್ಕ ಕೇಳಬೇಡಿ. ಗೋಡೆಯ ಲೆಕ್ಕ ಕೇಳಿ.

ಮಡಗಾಂವ್ ಗೌಂಡಿ · ಸೋಮವಾರ ಬೆಳಿಗ್ಗೆ 6:10

ಅಣ್ಣಾರ, ನಮಸ್ಕಾರ. ನಾನು ಇಂಡಿ ತಾಲೂಕಿನವನು. 1998ರಿಂದ ಗೋವಾದಲ್ಲಿ ಗೌಂಡಿ ಕೆಲಸ. ಈಗ ನನ್ನ ಕೈಕೆಳಗೆ ಎಂಟು ಜನ ಇದ್ದಾರೆ. ಓದಿದ್ದು ಕಡಿಮೆ, ಆದರೆ ಗೋಡೆ ಬಗ್ಗೆ ಹೇಳಬಲ್ಲೆ.

ಸಾಹೇಬರು 6 ಇಂಚು ಎಎಸಿ ಅಂದರು. ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಅಡ್ಡಡ್ಡ ಹೊಡೆಯುತ್ತದೆ. ಹೊರಗೋಡೆಗೆ ಎಎಸಿ ಹಾಕಿ ಗಡಿಬಿಡಿಯಲ್ಲಿ ಗಿಲಾವು ಮಾಡಿದರೆ ಮೂರನೇ ವರ್ಷಕ್ಕೆ ಕೂದಲೆಳೆಯಂಥ ಬಿರುಕು. ಆಮೇಲೆ ಒಳಗೆ ತೇವ, ಬೂಷ್ಟು. ಗಿಲಾವು ಕೆತ್ತು, ಮತ್ತೆ ಮಾಡು, ವಾಟರ್‌ಪ್ರೂಫ್ ಬಳಿ. ಅದರ ಸಿಮೆಂಟು ಯಾರ ಲೆಕ್ಕಕ್ಕೆ? ಬ್ಲಾಕಿನದ್ದು ತಪ್ಪಲ್ಲ. ಕಂಬ ಮತ್ತು ಬ್ಲಾಕ್ ಸೇರುವಲ್ಲಿ ಜಾಳಿಗೆ ಹಾಕದೆ ಬಿಡುತ್ತಾರೆ. ಬ್ಲಾಕು ನೀರು ಜಾಸ್ತಿ ಕುಡಿಯುತ್ತದೆ ಅನ್ನುವುದನ್ನು ಮರೆತು ಗಿಲಾವು ಎಳೆಯುತ್ತಾರೆ.

ನಾವು ಇಲ್ಲಿ ಕಟ್ಟುವುದು ಚಿರೆಕಲ್ಲು. ಮಂಗಳೂರು ಕಡೆ ಮುರಕಲ್ಲು ಅಂತಾರೆ. ಭಟ್ಟಿ ಬೇಡ, ಸುಡುವುದು ಬೇಡ. ನೆಲದಿಂದ ಕೊಯ್ದು ತೆಗೆಯುವಾಗ ಮೆತ್ತಗಿರುತ್ತದೆ, ಗಾಳಿ ಬಿಸಿಲಿಗೆ ಇಟ್ಟರೆ ಗಟ್ಟಿಯಾಗುತ್ತದೆ. ಆದರೆ ಕಲ್ಲು ಒರಟಾಗಿದ್ದರೆ ಸಂದಿಗೆ ಗಾರೆ ದಪ್ಪ ಹೋಗುತ್ತದೆ. ಯಂತ್ರದಲ್ಲಿ ಸರಿಯಾಗಿ ಕೊಯ್ದ ಕಲ್ಲಾದರೆ ಗಾರೆ ಎಷ್ಟೋ ಉಳಿಯುತ್ತದೆ. ಇದನ್ನು ಕೈಯಲ್ಲಿ ಕಲಸುವವರಿಗೆ ಬೇಗ ಗೊತ್ತಾಗುತ್ತದೆ, ಸಿಮೆಂಟಿನ ಖಾಲಿ ಚೀಲ ಎಣಿಸಿದರೆ ಸಾಕು.

ಕರ್ವೆನಗರ ವಿದ್ಯಾರ್ಥಿನಿ · ಸೋಮವಾರ ಮಧ್ಯಾಹ್ನ 1:30

ಅಣ್ಣಾ, ನಿಮ್ಮ ಪೋಸ್ಟ್ ನೋಟ್‌ಬುಕ್ಕಿಗೆ ಬರೆದುಕೊಂಡೆ. ನಾನು ಪುಣೆಯಲ್ಲಿ ಆರ್ಕಿಟೆಕ್ಚರ್ ಓದುತ್ತಿದ್ದೇನೆ, ಊರು ಶಿರಸಿ.

ಒಂದು ವಿಷಯ ಸೇರಿಸಬೇಕು ಅನಿಸಿತು. ಈ ಲೆಕ್ಕ ನಮಗೆ ಹೊರಗಿನಿಂದ ಬಂದದ್ದಲ್ಲ. ಬೆಂಗಳೂರಿನ ಐಐಎಸ್‌ಸಿಯಲ್ಲಿ 1974ರಲ್ಲೇ ‘ಅಸ್ತ್ರ’ ಅಂತ ಒಂದು ವಿಭಾಗ ಶುರುವಾಗಿತ್ತು. ಹಳ್ಳಿಗಳಿಗೆ ತಂತ್ರಜ್ಞಾನ ಅನ್ನುವ ಉದ್ದೇಶ. ಅಲ್ಲಿಯ ಬಿ.ವಿ. ವೆಂಕಟರಾಮ ರೆಡ್ಡಿ ಮತ್ತು ಕೆ.ಎಸ್. ಜಗದೀಶ್ 2003ರಲ್ಲಿ ಮೂರು ಬಗೆಯ ಕಟ್ಟಡಗಳಿಗೆ ಎಷ್ಟು ಶಕ್ತಿ ಹೋಗುತ್ತದೆ ಅಂತ ಲೆಕ್ಕ ಹಾಕಿದರು. ಆರ್‌ಸಿಸಿ ಚೌಕಟ್ಟಿನ ಕಟ್ಟಡಕ್ಕೆ ಚದರ ಮೀಟರಿಗೆ 4.21 ಗಿಗಾಜೂಲ್. ಗೋಡೆಯೇ ಭಾರ ಹೊರುವ ಸುಟ್ಟ ಇಟ್ಟಿಗೆಯ ಮನೆಗೆ 2.92. ಸಿಮೆಂಟು ಸ್ವಲ್ಪ ಬೆರೆಸಿ ಒತ್ತಿದ ಮಣ್ಣಿನ ಬ್ಲಾಕಿನ ಎರಡಂತಸ್ತಿನ ಮನೆಗೆ 1.61. ಅಂದರೆ ಮಣ್ಣಿನ ಬ್ಲಾಕಿನ ಮನೆಗೆ ಇಟ್ಟಿಗೆ ಮನೆಯ ಸುಮಾರು ಅರ್ಧ ಸಾಕು.

ಮುಲುಂದ್ ಸರ್‌ಗೆ 14 ಮಹಡಿ ಮಣ್ಣಿನಲ್ಲಿ ಕಟ್ಟಲು ಆಗಲ್ಲ, ಗೊತ್ತು. ಆದರೆ ಊರಲ್ಲಿ ಮನೆ ಕಟ್ಟಿಸುವವರು ಇಲ್ಲಿ ತುಂಬಾ ಜನ ಇದ್ದೀರಿ. ಎರಡಂತಸ್ತಿಗೆ ಆರ್‌ಸಿಸಿ ಕಂಬ ಯಾಕೆ ಅಂತ ಒಮ್ಮೆ ಇಂಜಿನಿಯರನ್ನು ಕೇಳಿ.

ಚೆಂಬೂರ್ ನಿವೃತ್ತ · ಸೋಮವಾರ ಸಂಜೆ 5:15

ನಾನು 34 ವರ್ಷ ಕ್ವಾಂಟಿಟಿ ಸರ್ವೇಯರ್ ಆಗಿದ್ದವನು. ಕಾರ್ಯದರ್ಶಿಗಳೇ, ನೀವು ಬಿಲ್ಡರ್ ಹತ್ತಿರ ಎಲೆಯ ಚಿತ್ರ ಕೇಳಬೇಡಿ. ಬಿಒಕ್ಯೂ, ಅಂದರೆ ಯಾವ ಸಾಮಾನು ಎಷ್ಟು ಅನ್ನುವ ಪಟ್ಟಿ, ಕೇಳಿ. ಎಷ್ಟು ಘನ ಮೀಟರ್ ಕಾಂಕ್ರೀಟು, ಯಾವ ಗ್ರೇಡು, ಎಷ್ಟು ಟನ್ ಸರಳು, ಎಷ್ಟು ಅಲ್ಯುಮಿನಿಯಂ. ಎಲ್‌ಸಿಎಗೆ ಬೇಕಾದ ಅರ್ಧ ಮಾಹಿತಿ ಅದರಲ್ಲೇ ಇದೆ. ಮಿಕ್ಕದ್ದು ಪ್ರತಿ ಸಾಲಿನ ಮುಂದೆ ಒಂದು ಅಂಕಿ ಗುಣಿಸುವುದು. ಭಾರತದ ವಸ್ತುಗಳಿಗೆ ವಿಶ್ವ ಬ್ಯಾಂಕ್ ಗುಂಪಿನ ಐಎಫ್‌ಸಿಯವರು 2017ರಲ್ಲಿ ಒಂದು ದತ್ತಾಂಶ ಪಟ್ಟಿ ಮಾಡಿದ್ದಾರೆ, ಉಚಿತವಾಗಿ ಸಿಗುತ್ತದೆ. ವಿದೇಶದ ಅಂಕಿ ಇಲ್ಲಿಗೆ ಹಾಕಬೇಡಿ. ಅಲ್ಲಿಯ ಕರೆಂಟು ಬೇರೆ, ನಮ್ಮದು ಹೆಚ್ಚಾಗಿ ಕಲ್ಲಿದ್ದಲಿನದು.

ಇನ್ನೊಂದು. ಇಪಿಡಿ (ವಸ್ತುವಿನ ಪರಿಸರ ಪರಿಣಾಮದ ಘೋಷಣೆ) ಅನ್ನುವ ಕಾಗದ ತೋರಿಸಿ ‘ಇದು ಪರಿಸರಸ್ನೇಹಿ’ ಅಂದರೆ ನಂಬಿಬಿಡಬೇಡಿ. ಇಪಿಡಿ ಅಂದರೆ ಔಷಧಿ ಬಾಟಲಿಯ ಚೀಟಿ ಇದ್ದ ಹಾಗೆ. ಒಳಗೆ ಏನಿದೆ ಅಂತ ಹೇಳುತ್ತದೆ. ಒಳ್ಳೆಯದೋ ಕೆಟ್ಟದ್ದೋ ಅಂತ ಹೇಳುವುದಿಲ್ಲ. ಅದನ್ನು ಓದುವವರು ನಾವು.

ಮುಲುಂದ್ ಕಾರ್ಯದರ್ಶಿ · ಸೋಮವಾರ ರಾತ್ರಿ 9:05

ತುಂಬಾ ಧನ್ಯವಾದ. ಬಿಲ್ಡರ್ ಆಫೀಸಿಗೆ ಫೋನ್ ಮಾಡಿದೆ. ಬಿಒಕ್ಯೂ ಈಗಲೇ ಕೊಡಲು ಆಗಲ್ಲ ಅಂದರು. ಆದರೆ ಮಾತಿನ ನಡುವೆ ‘ಎಲ್ಲ ಮೈವಾನ್‌ನಲ್ಲಿ ಮಾಡ್ತೀವಿ, ಬೇಗ ಮುಗಿಯುತ್ತೆ’ ಅಂದರು. ಅದೇನು?

ಪುಣೆ ಸ್ಟ್ರಕ್ಚರಲ್ · ಸೋಮವಾರ ರಾತ್ರಿ 11:30

ಅದು ಗೊತ್ತಾದದ್ದು ಒಳ್ಳೆಯದಾಯಿತು. ಯಾಕಂದರೆ ನಾನು ನಿನ್ನೆ ಬರೆದ ಇಟ್ಟಿಗೆ–ಎಎಸಿ ಹೋಲಿಕೆ ನಿಮ್ಮ ಕಟ್ಟಡಕ್ಕೆ ಹೊಂದುವುದೇ ಇಲ್ಲ.

ಮೈವಾನ್ ಅಂದರೆ ಅಲ್ಯುಮಿನಿಯಂ ಶಟರಿಂಗ್. ಗೋಡೆ, ಸ್ಲ್ಯಾಬ್ ಎರಡನ್ನೂ ಒಟ್ಟಿಗೆ ಕಾಂಕ್ರೀಟಿನಲ್ಲಿ ಎರಕ ಹೊಯ್ಯುತ್ತಾರೆ. ಮುಂಬೈ, ಪುಣೆಯ ಎತ್ತರದ ಕಟ್ಟಡಗಳಲ್ಲಿ ಈಗ ಇದು ಸಾಮಾನ್ಯ. ಹೊರಗೋಡೆ ಪೂರ್ತಿ ಕಾಂಕ್ರೀಟ್. ಎಎಸಿ ಬಳಸಿದರೂ ಅಲ್ಲೊಂದು ಇಲ್ಲೊಂದು ಒಳಗೋಡೆಗೆ ಮಾತ್ರ. ಸ್ಲೈಡಿನಲ್ಲಿ ತೋರಿಸಿದ ಬ್ಲಾಕು ಎಷ್ಟು ಬಳಸುತ್ತಾರೆ ಅಂತ ಕೇಳಿ.

160 ಮಿಲಿಮೀಟರ್ ದಪ್ಪದ ಕಾಂಕ್ರೀಟ್ ಗೋಡೆ ಒಂದು ಚದರ ಮೀಟರಿಗೆ 384 ಕಿಲೋ ತೂಗುತ್ತದೆ. ಸಿಮೆಂಟು, ಸರಳು ಸೇರಿ ಅಂದಾಜು 75 ಕಿಲೋ ಕಾರ್ಬನ್. ಎಎಸಿಯದ್ದು 40 ಇತ್ತು. ಹಾಗಾದರೆ ಮೈವಾನ್ ಕೆಟ್ಟದ್ದು ಅನ್ನಲೇ? ಅದೂ ಆಗಲ್ಲ. ಇಲ್ಲಿ ಗೋಡೆಯೇ ಭಾರ ಹೊರುತ್ತದೆ. ಬೇರೆ ಕಂಬ, ತೊಲೆ ಕಡಿಮೆ. ದಪ್ಪ ಗಿಲಾವು ಬೇಕಿಲ್ಲ. ಗೌಂಡಿ ಅಣ್ಣ ಹೇಳಿದ ಬಿರುಕು, ಸೋರಿಕೆಯ ಕಾಟವೂ ಕಡಿಮೆ. ಹಾಗಾಗಿ ಗೋಡೆಗೆ ಗೋಡೆ ಹೋಲಿಸುವುದು ಇಲ್ಲಿ ತಪ್ಪು. ಇಡೀ ಕಟ್ಟಡಕ್ಕೆ ಇಡೀ ಕಟ್ಟಡವನ್ನೇ ಹೋಲಿಸಬೇಕು. ನಿನ್ನೆ ‘ಗೋಡೆಯ ಲೆಕ್ಕ ಕೇಳಿ’ ಅಂದಿದ್ದೆ. ಇವತ್ತು ಅದನ್ನು ತಿದ್ದುತ್ತೇನೆ: ಕಟ್ಟಡದ ಲೆಕ್ಕ ಕೇಳಿ.

ಆದರೆ ಬಿಸಿಲಿನ ವಿಷಯ ಮರೆಯಬೇಡಿ. ಕಾಂಕ್ರೀಟು ಎಎಸಿಗಿಂತ ಎಂಟು ಪಟ್ಟಿಗೂ ಹೆಚ್ಚು ಶಾಖ ಹಾಯಿಸುತ್ತದೆ. ಪಶ್ಚಿಮದ ಗೋಡೆ ಸಂಜೆ ಕೈ ಇಟ್ಟರೆ ಸುಡುತ್ತದೆ, ರಾತ್ರಿ ಎಸಿ ಓಡುತ್ತದೆ. ಆ ಕರೆಂಟು ಬಿ ಭಾಗದಲ್ಲಿ ವರ್ಷ ವರ್ಷ ಸೇರುತ್ತಾ ಹೋಗುತ್ತದೆ. 2018ರ ಇಕೋ ನಿವಾಸ್ ಸಂಹಿತೆಯಲ್ಲಿ ವಸತಿ ಕಟ್ಟಡದ ಹೊರಮೈಯಿಂದ ಒಳಬರುವ ಶಾಖಕ್ಕೆ ಚದರ ಮೀಟರಿಗೆ 15 ವ್ಯಾಟ್ ಅಂತ ಮಿತಿ ಇದೆ. ಆರ್‌ಇಟಿವಿ ಅಂತಾರೆ. ‘ನಿಮ್ಮ ಆರ್‌ಇಟಿವಿ ಎಷ್ಟು’ ಅಂತ ಒಂದೇ ಸಾಲಿನಲ್ಲಿ ಕೇಳಿ.

ಈಗ ದೊಡ್ಡ ಲೆಕ್ಕ. ಕ್ಲಿಂಕರ್ ಅಂದರೆ ಅರೆದರೆ ಸಿಮೆಂಟಾಗುವ ಗಟ್ಟಿ ಉಂಡೆ. ಅದನ್ನು ಸುಮಾರು 1,450 ಡಿಗ್ರಿಯಲ್ಲಿ ಸುಡುತ್ತಾರೆ. ಆದರೆ ಹೊಗೆಯ ದೊಡ್ಡ ಪಾಲು ಕಲ್ಲಿದ್ದಲಿನದಲ್ಲ. ಸುಣ್ಣದಕಲ್ಲು ಒಡೆದಾಗ ಕಲ್ಲಿನ ಒಳಗಿಂದಲೇ ಕಾರ್ಬನ್ ಡೈಆಕ್ಸೈಡ್ ಹೊರಬರುತ್ತದೆ. ಒಂದು ಟನ್ ಕ್ಲಿಂಕರಿಗೆ ಅರ್ಧ ಟನ್ನಿಗೂ ಸ್ವಲ್ಪ ಜಾಸ್ತಿ. ಸೋಲಾರಿನಲ್ಲಿ ಕಾರ್ಖಾನೆ ಓಡಿಸಿದರೂ ಅದು ತಪ್ಪಲ್ಲ. ಅದಕ್ಕೆ ಕ್ಲಿಂಕರನ್ನೇ ಕಡಿಮೆ ಮಾಡಬೇಕು.

ನಿಮ್ಮ 5,000 ಚದರ ಮೀಟರಿಗೆ ಅಂದಾಜು ಹಾಕುತ್ತೇನೆ. ಚದರ ಮೀಟರಿಗೆ 0.4 ಘನ ಮೀಟರ್ ಕಾಂಕ್ರೀಟು, ಅದರಲ್ಲಿ 144 ಕಿಲೋ ಸಿಮೆಂಟು, 50 ಕಿಲೋ ಸರಳು. ಬರೀ ಒಪಿಸಿ (ಏನೂ ಬೆರೆಸದ ಮಾಮೂಲಿ) ಸಿಮೆಂಟಾದರೆ 130 ಕಿಲೋ ಕಾರ್ಬನ್. ಸರಳಿಗೆ ಕಿಲೋಗೆ 2.2ರಂತೆ 110. ಒಟ್ಟು 240. ಇಡೀ ಕಟ್ಟಡದ ಅಸ್ಥಿಪಂಜರಕ್ಕೆ 1,200 ಟನ್. ನೋಡಿ, ಸರಳು ಹೆಚ್ಚುಕಡಿಮೆ ಸಿಮೆಂಟಿನಷ್ಟೇ ಇದೆ. ಜನ ಸಿಮೆಂಟನ್ನು ಮಾತ್ರ ಬೈಯುತ್ತಾರೆ.

ಹಾರುಬೂದಿ ಬೆರೆಸಿದ ಪಿಪಿಸಿ ಬಳಸಿದರೆ ಸಿಮೆಂಟಿನ 130 ಸುಮಾರು 94ಕ್ಕೆ ಇಳಿಯುತ್ತದೆ. ಇಡೀ ಕಟ್ಟಡಕ್ಕೆ 180 ಟನ್ ಉಳಿತಾಯ, ಒಂದು ಇಟ್ಟಿಗೆಯನ್ನೂ ಬದಲಿಸದೆ. ಮುಂಬೈಯ ಉಪ್ಪುಗಾಳಿಗೆ ಪಿಪಿಸಿ, ಸ್ಲ್ಯಾಗ್ (ಕಬ್ಬಿಣದ ಕುಲುಮೆಯ ಕಿಟ್ಟ) ಬೆರೆಸಿದ ಸಿಮೆಂಟು ಇನ್ನೂ ಒಳ್ಳೆಯದು. ಆದರೆ ಅದು ನಿಧಾನಕ್ಕೆ ಗಟ್ಟಿಯಾಗುತ್ತದೆ. ಭಾರತೀಯ ಮಾನಕ ಐಎಸ್ 456ರ ಪ್ರಕಾರ ಒಪಿಸಿಗೆ ಕನಿಷ್ಠ 7 ದಿನ ಕ್ಯೂರಿಂಗ್, ಇಂಥ ಮಿಶ್ರ ಸಿಮೆಂಟಿಗೆ 10 ದಿನ. ಮೈವಾನ್‌ನವರಿಗೆ ವಾರಕ್ಕೊಂದು ಸ್ಲ್ಯಾಬ್ ಬೇಕು. ಅದಕ್ಕೇ ಒಪಿಸಿ ಕಡೆ ವಾಲುತ್ತಾರೆ. ಟೆಂಡರಿನಲ್ಲಿ ಬರೆಸದಿದ್ದರೆ ಬರುವುದಿಲ್ಲ.

ಚೆಂಬೂರ್ ನಿವೃತ್ತ · ಮಂಗಳವಾರ ಬೆಳಿಗ್ಗೆ 7:40

ಚೀಲದ ಮೇಲೆ ನೋಡುವುದು ಸುಲಭ. ಐಎಸ್ 269 ಅಂದರೆ ಒಪಿಸಿ. ಐಎಸ್ 1489 ಅಂದರೆ ಪಿಪಿಸಿ, ಹಾರುಬೂದಿ 15ರಿಂದ 35 ಶೇಕಡಾ. ಐಎಸ್ 455 ಅಂದರೆ ಸ್ಲ್ಯಾಗ್. 2023ರಲ್ಲಿ ಐಎಸ್ 18189 ಬಂದಿದೆ. ಸುಟ್ಟ ಜೇಡಿಮಣ್ಣು, ಸುಣ್ಣದಕಲ್ಲು ಬೆರೆಸಿದ ಎಲ್‌ಸಿ3 ಸಿಮೆಂಟು. ಅದರಲ್ಲಿ ಕ್ಲಿಂಕರು ಅರ್ಧದಷ್ಟೇ. ದೆಹಲಿ ಮತ್ತು ಮದ್ರಾಸ್ ಐಐಟಿಗಳು ಸ್ವಿಟ್ಜರ್ಲೆಂಡ್, ಕ್ಯೂಬಾದವರ ಜೊತೆ ಸೇರಿ ಇದರ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿವೆ.

ರೆಡಿಮಿಕ್ಸ್ ತರಿಸಿದರೆ ಚೀಲವೇ ಇರಲ್ಲ. ಆಗ ಮಿಕ್ಸ್ ಡಿಸೈನ್ ಕಾಗದ ಕೇಳಿ. ಘನ ಮೀಟರಿಗೆ ಎಷ್ಟು ಸಿಮೆಂಟು, ಎಷ್ಟು ಬೂದಿ ಅಂತ ಅದರಲ್ಲಿ ಇರುತ್ತದೆ.

ಸರಳಿಗೂ ಒಂದು ಮಾತು. ಗುಜರಿ ಕರಗಿಸಿ ಮಾಡಿದ ಸರಳಿಗೆ ಕಾರ್ಬನ್ ಎಷ್ಟೋ ಕಡಿಮೆ. ಜಾಲ್ನಾ ಇಂಥ ಕಾರ್ಖಾನೆಗಳಿಗೆ ಹೆಸರುವಾಸಿ. ಆದರೆ ಗುಜರಿಯ ಜೊತೆ ಕಲ್ಲಿದ್ದಲಿನಲ್ಲಿ ಮಾಡಿದ ಸ್ಪಾಂಜ್ ಐರನ್ ಬೆರೆಸಿದರೆ ಲೆಕ್ಕ ಉಲ್ಟಾ ಆಗಬಹುದು. ಏನು ಕರಗಿಸುತ್ತೀರಿ ಅಂತ ಲಿಖಿತದಲ್ಲಿ ತರಿಸಿಕೊಳ್ಳಿ. ಟೆಸ್ಟ್ ಸರ್ಟಿಫಿಕೇಟ್ ಬೇಕೇ ಬೇಕು.

ಕರ್ವೆನಗರ ವಿದ್ಯಾರ್ಥಿನಿ · ಮಂಗಳವಾರ ಮಧ್ಯಾಹ್ನ 2:10

ಸರ್, ಒಂದು ಅನುಮಾನ. ಹಾರುಬೂದಿಯನ್ನು ಸೊನ್ನೆ ಕಾರ್ಬನ್ ಅಂತ ಹಿಡಿಯುತ್ತೇವೆ, ಅದು ಕಸ ಅಂತ. ಆದರೆ ಈಗ ಅದನ್ನು ದುಡ್ಡು ಕೊಟ್ಟು ಕೊಳ್ಳುತ್ತಾರೆ. ಮಾರಾಟಕ್ಕಿರುವ ಮಾಲು ಅಂದ ಮೇಲೆ ವಿದ್ಯುತ್ ಸ್ಥಾವರದ ಹೊಗೆಯಲ್ಲಿ ಅದಕ್ಕೂ ಪಾಲು ಬರಬೇಕಲ್ಲವೇ?

ಪುಣೆ ಸ್ಟ್ರಕ್ಚರಲ್ · ಮಂಗಳವಾರ ರಾತ್ರಿ 10:20

ಸರಿಯಾದ ಜಾಗಕ್ಕೆ ಕೈ ಹಾಕಿದೆ ತಂಗಿ. ಎಲ್‌ಸಿಎಯಲ್ಲಿ ಇದು ದೊಡ್ಡ ಜಗಳ. ಹೊಗೆಯನ್ನು ಕರೆಂಟಿಗೂ ಬೂದಿಗೂ ಹಂಚುವಾಗ ತೂಕದ ಪ್ರಕಾರ ಹಂಚಿದರೆ ಒಂದು ಉತ್ತರ, ಬೆಲೆಯ ಪ್ರಕಾರ ಹಂಚಿದರೆ ಇನ್ನೊಂದು. ಎರಡು ವರದಿ ಹೋಲಿಸುವಾಗ ಇಬ್ಬರೂ ಒಂದೇ ರೀತಿ ಹಂಚಿದ್ದಾರಾ ಅಂತ ನೋಡಲೇಬೇಕು.

ಮೋಶಿ ಗೃಹಿಣಿ · ಬುಧವಾರ ಬೆಳಿಗ್ಗೆ 11:00

ನೀವೆಲ್ಲ ಕಾರ್ಬನ್ ಕಾರ್ಬನ್ ಅಂತಿದ್ದೀರಿ. ನಾನು ಖಡಿ (ಜಲ್ಲಿ) ಕ್ರಶರ್‌ಗಳ ಹತ್ತಿರ ಇರುವವಳು. ಪುಣೆಯ ಖಡಿ, ಕ್ರಶ್ ಸ್ಯಾಂಡ್ ಎಲ್ಲ ನಮ್ಮ ಕಡೆಯಿಂದ, ವಾಘೋಲಿ ಕಡೆಯಿಂದ ಹೋಗುತ್ತದೆ. ಬೆಳಿಗ್ಗೆ ಒರೆಸಿದ ಕಿಟಕಿಯ ಕಟ್ಟೆ ಮೇಲೆ ಮಧ್ಯಾಹ್ನ ಬೆರಳಿನಲ್ಲಿ ಹೆಸರು ಬರೆಯಬಹುದು. ಅಷ್ಟು ಧೂಳು. ನನ್ನ ಮಗನಿಗೆ ಚಳಿಗಾಲ ಬಂದರೆ ನೆಬ್ಯುಲೈಸರ್. ಒಂದು ಘನ ಮೀಟರ್ ಕಾಂಕ್ರೀಟಿನಲ್ಲಿ ಖಡಿ, ಮರಳಿನ ಕಾರ್ಬನ್ ತೀರಾ ಕಡಿಮೆ ಅಂತ ನಿಮ್ಮ ಲೆಕ್ಕದಲ್ಲಿ ಬರುತ್ತದೆ. ಹಾಗಂತ ಅದರಿಂದ ತೊಂದರೆ ಇಲ್ಲ ಅಂತಲಾ?

ಪುಣೆ ಸ್ಟ್ರಕ್ಚರಲ್ · ಬುಧವಾರ ಮಧ್ಯಾಹ್ನ 1:45

ಅಕ್ಕಾ, ಖಂಡಿತ ಅಲ್ಲ. ನಾನು ಮೊದಲೇ ಬರೆಯಬೇಕಿತ್ತು. ಕಾರ್ಬನ್ ಅನ್ನುವುದು ಎಲ್‌ಸಿಎಯ ಒಂದು ಕಾಲಮ್ ಮಾತ್ರ. ಉಸಿರಿಗೆ ಹೋಗುವ ಧೂಳು, ನೀರಿನ ಬಳಕೆ, ಮಣ್ಣು ಹುಳಿಯಾಗುವುದು, ಕೆರೆಯಲ್ಲಿ ಪಾಚಿ ಬೆಳೆಯುವುದು, ನೆಲದ ಬಳಕೆ ಎಲ್ಲಕ್ಕೂ ಬೇರೆ ಬೇರೆ ಕಾಲಮ್ ಇದೆ. ಖಡಿಗೆ ಕಾರ್ಬನ್ ಕಡಿಮೆ, ಧೂಳು ಜಾಸ್ತಿ. ಇಟ್ಟಿಗೆಗೆ ಹೊಲದ ಮೇಲ್ಮಣ್ಣು ಹೋಗುತ್ತದೆ. ನಾವು ಕಾರ್ಬನ್ ಒಂದನ್ನೇ ನೋಡುವುದು ಅಂಕಿ ಸುಲಭವಾಗಿ ಸಿಗುತ್ತದೆ ಅಂತ. ಸುಲಭ ಅಂದ ಮಾತ್ರಕ್ಕೆ ಅದೇ ಪೂರ್ತಿ ಅಲ್ಲ.

ಕಾರ್ಯದರ್ಶಿ ಸರ್, ಇದಕ್ಕೇ ನಿಮ್ಮ ಹಳೆಯ ಕಾಂಕ್ರೀಟನ್ನು ಪುಡಿ ಮಾಡಿ ಬಳಸುವ ಮಾತು ಮುಖ್ಯ. 2016ರ ಐಎಸ್ 383 ಪ್ರಕಾರ ಎಂ25ವರೆಗಿನ ಆರ್‌ಸಿಸಿಯಲ್ಲಿ ಶೇ 20ರಷ್ಟು ಮರುಬಳಕೆಯ ಖಡಿ ಹಾಕಬಹುದು. ಸರಳಿಲ್ಲದ ಕಾಂಕ್ರೀಟಿಗೆ ಶೇ 25. ಪಾಯದ ಕೆಳಗಿನ, ಸಿಮೆಂಟು ಕಡಿಮೆ ಇರುವ ಕಾಂಕ್ರೀಟಿಗೆ ಪೂರ್ತಿ ಹಾಕಬಹುದು. ಮುಂಬೈ ಪಾಲಿಕೆಯ ಡೆಬ್ರಿ ಸಂಸ್ಕರಣೆ ದಹಿಸರ್ ಮತ್ತು ಶಿಳ್ ಫಾಟಾ ಕಡೆ ನಡೆಯುತ್ತದೆ. ಕಟ್ಟಡ ತ್ಯಾಜ್ಯಕ್ಕೆ 2025ರಲ್ಲಿ ಹೊಸ ನಿಯಮ ಬಂದು 2026ರ ಏಪ್ರಿಲ್ 1ರಿಂದ ಜಾರಿ. ಆದರೆ ಕಡ್ಡಾಯ ಮರುಬಳಕೆಯ ಗುರಿ ಇರುವುದು 20,000 ಚದರ ಮೀಟರಿನಷ್ಟು ದೊಡ್ಡ ಯೋಜನೆಗಳಿಗೆ. ನಿಮ್ಮದು 5,000. ನೀವೇ ಕರಾರಿನಲ್ಲಿ ಬರೆಸಬೇಕು.

ನಿಮ್ಮ ಹಳೆಯ ಕಟ್ಟಡ ಚದರ ಮೀಟರಿಗೆ 1 ಟನ್ ಅಂತ ಹಿಡಿದರೂ 1,200 ಟನ್. 15 ಟನ್ನಿನ ಡಂಪರು 80 ಸಲ ನಿಮ್ಮ ಗಲ್ಲಿಯಿಂದ ಹೋಗಬೇಕು. ಎಲ್ಲಿಗೆ ಹೋಗುತ್ತದೆ ಅಂತ ಚಲನ್ ಕೇಳಿ. ಖಾಡಿಯ ಬದಿಯಲ್ಲಿ ರಾತ್ರಿ ಸುರಿದುಬಿಟ್ಟರೆ ಯಾವ ಎಲ್‌ಸಿಎಯೂ ಅದನ್ನು ತೋರಿಸಲ್ಲ.

ಮಡಗಾಂವ್ ಗೌಂಡಿ · ಬುಧವಾರ ರಾತ್ರಿ 8:30

ಅಕ್ಕಾರು ಹೇಳಿದ್ದು ನಮ್ಮ ಕಲ್ಲಿಗೂ ನಿಜ. ಚಿರೆಕಲ್ಲಿಗೆ ಬೆಂಕಿ ಬೇಡ ಅಂದೆ. ಆದರೆ ತೆಗೆದ ಹೊಂಡ ಹಾಗೇ ಉಳಿಯುತ್ತದೆ. ಮಳೆಯಲ್ಲಿ ನೀರು ತುಂಬುತ್ತದೆ, ದನ ಬೀಳುತ್ತವೆ, ಹುಡುಗರು ಈಜಲು ಹೋಗುತ್ತಾರೆ. ಅದನ್ನು ಮುಚ್ಚಿಸಿದ ಮಾಲೀಕರ ಕಲ್ಲನ್ನೇ ನಾನು ತರುವುದು. ನಾಲ್ಕು ರೂಪಾಯಿ ಜಾಸ್ತಿ ಆಗುತ್ತದೆ.

ಇನ್ನೊಂದು ಹೇಳಬೇಕು. ಹೋದ ಫೆಬ್ರುವರಿಯಲ್ಲಿ ಸಾಲ್ಸೆಟ್ ಕಡೆ ಒಂದು ಹಳೆಯ ಮನೆಯ ಮಾಡು ಬಿಚ್ಚಿದೆವು. ಮೇಲೆಲ್ಲ ಮಂಗಳೂರು ಹಂಚು. ತಿರುಗಿಸಿ ಪಾಚಿ ಉಜ್ಜಿದರೆ ಬಾಸೆಲ್ ಮಿಷನ್ ಅನ್ನುವ ಅಚ್ಚು. ಮನೆಯವರು ‘ತೆಗೆದು ಬಿಸಾಡಿ, ಶೀಟ್ ಹಾಕಿ’ ಅಂದರು. ನಾನು ಒಂದೊಂದೇ ಹಂಚು ಎಡಗೈಯಲ್ಲಿ ತೂಗಿ ಹಿಡಿದು, ಬೆರಳ ಗೆಣ್ಣಿನಿಂದ ತಟ್ಟಿದೆ. ಒಳ್ಳೆಯದು ಠಣ್ ಅನ್ನುತ್ತದೆ, ಕೂದಲೆಳೆಯಷ್ಟು ಸೀಳಿದ್ದರೂ ಡಬ್ ಅನ್ನುತ್ತದೆ. ಎರಡು ಸಾವಿರದಲ್ಲಿ ಸಾವಿರದ ಆರುನೂರಕ್ಕಿಂತ ಜಾಸ್ತಿ ಠಣ್ ಅಂದವು. ಮನೆಯವರನ್ನು ಕರೆದು ಕೇಳಿಸಿದೆ. ಅವರ ಅಜ್ಜಿಯೂ ಬಂದು ನಾಲ್ಕು ಹಂಚು ತಟ್ಟಿದರು. ಮಾಡು ಮತ್ತೆ ಅದೇ ಹಂಚಿನಲ್ಲಿ ಆಯಿತು, ಮೂಲೆಗೆ ಮಾತ್ರ ಹೊಸದು. ಒಂದು ಸಲ ಸುಟ್ಟದ್ದು, ಮೂರು ತಲೆಮಾರು ನೆರಳು ಕೊಟ್ಟಿದೆ. ಈ ಲೆಕ್ಕ ಹೇಗೆ ಹಾಕುತ್ತೀರಿ ಸಾಹೇಬ್ರೇ?

ಪುಣೆ ಸ್ಟ್ರಕ್ಚರಲ್ · ಬುಧವಾರ ರಾತ್ರಿ 11:50

ವರ್ಷದಿಂದ ಭಾಗಿಸಬೇಕು ಅಣ್ಣಾ. ನನಗೆ ಈ ಇಡೀ ಚರ್ಚೆಯಲ್ಲಿ ಮುಖ್ಯ ಅನಿಸುವುದು ಇದೇ. ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ್ದು 1865ರಲ್ಲಿ. ಭಟ್ಟಿಯ ಹೊಗೆ ಅಂದು ಎಷ್ಟೇ ಇದ್ದಿರಲಿ, ನೂರು ವರ್ಷದ ಮೇಲೆ ಹಂಚಿದರೆ ಏನೂ ಉಳಿಯಲ್ಲ.

ಮುಲುಂದ್ ಸರ್‌ಗೂ ಇದೇ ಲೆಕ್ಕ. ಬರೀ ಉದಾಹರಣೆಗೆ ಅಂಕಿ ಹಿಡಿಯುತ್ತೇನೆ. ಹೊಸ ಕಟ್ಟಡಕ್ಕೆ ಚದರ ಮೀಟರಿಗೆ 240 ಕಿಲೋ. 60 ವರ್ಷ ನಿಂತರೆ ವರ್ಷಕ್ಕೆ 4 ಕಿಲೋ. ಆದರೆ ಮುಂಬೈಯಲ್ಲಿ ನಿಮ್ಮ ಹಾಗೆ 40 ವರ್ಷಕ್ಕೆ ಕೆಡವಿದರೆ 6. ಈಗ ದುರಸ್ತಿ. ಕಂಬಕ್ಕೆ ಜಾಕೆಟಿಂಗ್ (ಸುತ್ತ ಹೊಸ ಕಾಂಕ್ರೀಟಿನ ಹೊದಿಕೆ), ಛಾವಣಿ ಕೆತ್ತಿ ಹೊಸ ಗಾರೆ, ಹೊರಗೆ ಲಿಫ್ಟಿನ ಗೋಪುರ ಎಲ್ಲ ಸೇರಿ ಚದರ ಮೀಟರಿಗೆ 50 ಕಿಲೋ ಅಂತಿರಲಿ. 20 ವರ್ಷ ಬಂದರೆ ವರ್ಷಕ್ಕೆ 2.5. ಎಂಟೇ ವರ್ಷ ಬಂದರೆ 6ಕ್ಕೂ ಜಾಸ್ತಿ. ಅಂದರೆ ದುರಸ್ತಿ ಯಾವಾಗಲೂ ಒಳ್ಳೆಯದು ಅಂತ ಕಣ್ಣುಮುಚ್ಚಿ ಹೇಳಲು ಆಗಲ್ಲ. ಹೊಸ ಗೋಪುರದಲ್ಲಿ ಇನ್ನಷ್ಟು ಸಂಸಾರಗಳಿಗೆ ಮನೆ ಸಿಗುತ್ತದೆ ಅನ್ನುವುದೂ ನಿಜ.

ಹಾಗಾದರೆ ನಿಮ್ಮ ಕಟ್ಟಡದ ದುರಸ್ತಿ 8 ವರ್ಷವೋ 20 ವರ್ಷವೋ? ಅದನ್ನು ಬಿಲ್ಡರ್ ಹೇಳಲ್ಲ, ನಾನೂ ಇಲ್ಲಿಂದ ಹೇಳಲ್ಲ. ಕಾಂಕ್ರೀಟು ಹೇಳುತ್ತದೆ. ಕೋರ್, ಅಂದರೆ ಕಾಂಕ್ರೀಟಿನಿಂದ ಕೊರೆದ ತುಂಡು, ತೆಗೆದು ಅದಕ್ಕೆ ಫಿನಾಲ್ಫ್ತಲೀನ್ ಅನ್ನುವ ದ್ರಾವಣ ಚಿಮುಕಿಸಿ ನೋಡುತ್ತಾರೆ. ಗುಲಾಬಿ ಬಣ್ಣ ಬಂದಲ್ಲಿ ಕಾಂಕ್ರೀಟು ಇನ್ನೂ ಸರಳನ್ನು ಕಾಯುತ್ತಿದೆ. ಬಣ್ಣ ಬರದ ಜಾಗ ಸರಳನ್ನು ಮುಟ್ಟಿದ್ದರೆ ತುಕ್ಕಿಗೆ ಬಾಗಿಲು ತೆರೆದ ಹಾಗೆ. ಕ್ಲೋರೈಡ್ ಪರೀಕ್ಷೆಯನ್ನೂ ಮಾಡಿಸಿ. 30 ವರ್ಷ ದಾಟಿದ ಕಟ್ಟಡಕ್ಕೆ ಮುಂಬೈಯಲ್ಲಿ ಸ್ಟ್ರಕ್ಚರಲ್ ಆಡಿಟ್ ಹೇಗೂ ಕಡ್ಡಾಯ. ಬಿಲ್ಡರ್ ಕಡೆಯವರಿಂದ ಬೇಡ. ಸೊಸೈಟಿಯ ದುಡ್ಡಲ್ಲಿ ನೀವೇ ಮಾಡಿಸಿ.

ಮುಲುಂದ್ ಕಾರ್ಯದರ್ಶಿ · ಶನಿವಾರ ರಾತ್ರಿ 9:30

ಇವತ್ತು ಕಮಿಟಿ ಸೇರಿತ್ತು. ನಿಮ್ಮ ಪೋಸ್ಟುಗಳನ್ನು ಮರಾಠಿಯಲ್ಲಿ ಹೇಳಿದೆ. ಇಬ್ಬರು ಸಿಟ್ಟಾದರು, ‘ಆಗುವ ಕೆಲಸಕ್ಕೆ ಅಡ್ಡ ಬರಬೇಡಿ’ ಅಂದರು. ಅವರ ಮನೆಯಲ್ಲಿ ಸೋರುವುದು ನನಗೂ ಗೊತ್ತು. ಕೊನೆಗೆ ಒಪ್ಪಿದ್ದು ಇಷ್ಟು: ಕೋರ್ ಪರೀಕ್ಷೆಯ ವರದಿ ಬರುವವರೆಗೆ ಯಾರಿಗೂ ಒಪ್ಪಿಗೆ ಪತ್ರ ಇಲ್ಲ. ಕೆಡವುವುದೇ ಆದರೆ ಟೆಂಡರಿನಲ್ಲಿ ಸಿಮೆಂಟಿನ ಬಗೆ, ಸರಳಿನ ಮೂಲ, ಆರ್‌ಇಟಿವಿ, ಡೆಬ್ರಿಯ ಚಲನ್ ಬರೆಸುತ್ತೇವೆ. ಮುಂದಿನ ಭಾನುವಾರ ಬೆಳಿಗ್ಗೆ 10ಕ್ಕೆ ಕೋರ್ ತೆಗೆಯಲು ಬರುತ್ತಾರೆ. ಅಮ್ಮ ಗುಲಾಬಿ ಬಣ್ಣ ನೋಡಬೇಕು ಅಂತ ಕೆಳಗೆ ಇಳಿದು ಬರುತ್ತಾರಂತೆ.

ಇನ್ನೊಂದು. ಪೈಪ್‌ಲೈನ್ ಕೆಲಸಕ್ಕೆ ಅಂಗಳದ ಶಹಾಬಾದಿ ಫರಶಿ ಈ ತಿಂಗಳೇ ಎಬ್ಬಿಸಬೇಕು. ಎರಡಡಿ ಚೌಕದ 140 ಕಲ್ಲು. 40 ವರ್ಷ ನಡೆದು ನುಣುಪಾಗಿವೆ. ಬಿಸಾಡಲು ಮನಸ್ಸಿಲ್ಲ. ಗೌಂಡಿ ಅಣ್ಣ, ನಿಮಗೆ ಬೇಕಾ? ಸುಮ್ನೆ ಕೊಡುತ್ತೇವೆ.

ಮಡಗಾಂವ್ ಗೌಂಡಿ · ಶನಿವಾರ ರಾತ್ರಿ 10:05

ನಮ್ಮ ಕಲಬುರಗಿ ಕಡೆಯ ಕಲ್ಲು ಅಣ್ಣಾರ. ಅಂಚು ಒಡೆದಿಲ್ಲ ಅಂದರೆ ನಾನೇ ಲಾರಿ ಕಳಿಸುತ್ತೇನೆ.

ಕರ್ವೆನಗರ ವಿದ್ಯಾರ್ಥಿನಿ · ಶನಿವಾರ ರಾತ್ರಿ 10:40

ಒಂದು ನಿಮಿಷ ಅಣ್ಣಾ, ಲೆಕ್ಕ ಹಾಕಿದೆ. ಒಂದೊಂದು ಕಲ್ಲು ಸುಮಾರು 28 ಕಿಲೋ, 140 ಅಂದರೆ 4 ಟನ್. ಲಾರಿಗೆ ಟನ್-ಕಿಲೋಮೀಟರಿಗೆ 0.1 ಕಿಲೋ ಕಾರ್ಬನ್ ಅಂತ ಹಿಡಿದರೆ ಮುಲುಂದಿನಿಂದ ಮಡಗಾಂವ್‌ಗೆ ಸುಮಾರು 600 ಕಿ.ಮೀ., 240 ಕಿಲೋ. ಶಹಾಬಾದಿನಿಂದಲೇ ಹೊಸ ಕಲ್ಲು ತರಿಸಿದರೂ ಸುಮಾರು 500 ಕಿ.ಮೀ., 200 ಕಿಲೋ. ಕಲ್ಲು ಕೊಯ್ಯುವುದಕ್ಕೆ ಸ್ವಲ್ಪ ಸೇರಿಸಿ. ಹೆಚ್ಚುಕಡಿಮೆ ಅಷ್ಟಕ್ಕಷ್ಟೇ. ಮುಲುಂದಿನ ಹತ್ತಿರ ಯಾರಿಗಾದರೂ ಬೇಕಿದ್ದರೆ ಮಾತ್ರ ನಿಜವಾದ ಉಳಿತಾಯ.

ಬದ್ಲಾಪುರ ತೋಟ · ಭಾನುವಾರ ಬೆಳಿಗ್ಗೆ 7:15

ಇಷ್ಟು ದಿನ ಓದುತ್ತಾ ಇದ್ದೆ, ಬರೆದಿರಲಿಲ್ಲ. ನಮ್ಮ ಮನೆ ಜಗಲಿಗೆ, ಬಾವಿಕಟ್ಟೆಯ ಸುತ್ತ ಹಾಕಲು ಫರಶಿ ಬೇಕಿತ್ತು. ನಿಮ್ಮಿಂದ 40 ಕಿ.ಮೀ. ಒಳಗೆ. ಗೌಂಡಿಯವರು ಬೇಸರ ಮಾಡಿಕೊಳ್ಳದಿದ್ದರೆ ನಾನು ಒಯ್ಯುತ್ತೇನೆ.

ಮಡಗಾಂವ್ ಗೌಂಡಿ · ಭಾನುವಾರ ಬೆಳಿಗ್ಗೆ 7:40

ಬೇಸರ ಏನಿಲ್ಲ, ಒಯ್ಯಿರಿ. ಎಬ್ಬಿಸುವಾಗ ನಡುವಿಗೆ ಸಬ್ಬಲ್ ಹಾಕಬೇಡಿ. ಮೊದಲು ಒಂದು ಮೂಲೆಯ ಕಲ್ಲಿನ ಸಂದಿಯ ಗಾರೆ ಚಾಣದಿಂದ ಬಿಡಿಸಿ. ಅದೊಂದು ಬಂದರೆ ಮಿಕ್ಕವು ಅಡಿಯಿಂದ ಎದ್ದು ಬರುತ್ತವೆ. ಟೆಂಪೋದಲ್ಲಿ ಮಲಗಿಸಬೇಡಿ, ಅಂಚಿನ ಮೇಲೆ ನಿಲ್ಲಿಸಿ, ನಡುವೆ ಗೋಣಿಚೀಲ ಇಡಿ.

ಬದ್ಲಾಪುರ ತೋಟ · ಭಾನುವಾರ ಬೆಳಿಗ್ಗೆ 7:52

ಆಯಿತು. ಶನಿವಾರ ಎಂಟು ಗಂಟೆಗೆ ಟೆಂಪೋ, ಗೋಣಿಚೀಲ ಎರಡೂ ತರುತ್ತೇನೆ.